ಅಂಬುಜಕ್ಕನ ಬೀದಿಯ ನೀರು

ಮೂಳೆ ಮುರಿದುಕೊಳ್ಳುವವರು ಬೀದಿಯವರ ಜೊತೆ ಚೆನ್ನಾಗಿರಬೇಕು ಎಂದು ನಮ್ಮೂರಲ್ಲಿ ಒಂದು ಮಾತಿದೆ. ಆ ಮಾತು ಅರ್ಧ ಮಾತ್ರ ನಿಜ. ಅತಿ ಚೆನ್ನಾಗಿಯೂ ಇರಬಾರದು ಎಂಬ ಉಳಿದರ್ಧವನ್ನು ನಾನು, ಹೈಸ್ಕೂಲಿನ ಡ್ರಿಲ್ ಟೀಚರ್ ಸುಭದ್ರ, ನನ್ನ ಐವತ್ನಾಲ್ಕನೆಯ ವಯಸ್ಸಿನಲ್ಲಿ ತಲೆ ಚಚ್ಚಿಕೊಂಡು ಕಲಿತೆ. ಕಲಿಸಿದವಳು ನನ್ನ ಸ್ವಂತ ಅಕ್ಕ ಅಂಬುಜ. ಊರಿಗೆ ಉಪಕಾರಿ, ಮನೆಗೆ ಮಾರಿ.

ನಮ್ಮೂರಲ್ಲಿ ಯಾರದಾದರೂ ಮೂಳೆ ಮುರಿದರೆ ಮಾರನೆಯ ಬೆಳಗ್ಗೆ ಅವರ ಮನೆಯ ಮುಂದಿನ ಬೀದಿಯಲ್ಲಿ ನೀರು ನಿಲ್ಲುತ್ತದೆ. ಮಳೆನೀರಲ್ಲ, ನಲ್ಲಿನೀರಲ್ಲ. ಒಡೆದ ಮೊಸರಿನ ಮೇಲೆ ನಿಲ್ಲುತ್ತದಲ್ಲ, ಆ ಬಣ್ಣದ ತೆಳು ಹಳದಿ ನೀರು. ಪಾದ ಮುಳುಗುವಷ್ಟು ಏರುತ್ತದೆ. ಬೀದಿ ಇಳಿಜಾರಿದ್ದರೂ ತಾನಾಗಿ ಹರಿಯುವುದಿಲ್ಲ. ಯಾರಾದರೂ ಅದರೊಳಗೆ ನಡೆದರೆ, ಹೆಜ್ಜೆ ಒತ್ತಿದಷ್ಟು ಮುಂದೆ ಸರಿಯುತ್ತದೆ. ಹತ್ತು ಮಾರಿಗೊಂದು ಅಡ್ಡಗಲ್ಲಿದೆ, ಅದನ್ನು ದಾಟಿದ ನೀರು ಹಿಂದಕ್ಕೆ ಬರಲಾರದು. ಬೀದಿಯ ತಿರುವಿನಲ್ಲಿರುವ ಕಲ್ಲಿನ ತೊಟ್ಟಿಯಲ್ಲಿ ಕಪ್ಪು ನೆತ್ತರಿನ ಕಸರು, ಮೂಳೆಯ ಪುಡಿ ಎಲ್ಲ ತಳಕ್ಕೆ ಕೂರುತ್ತದೆ, ತಿಳಿನೀರು ಕೆರೆಗೆ ಹೋಗುತ್ತದೆ. ನೀರು ಹೀಗೆ ನಡೆಯುತ್ತಿದ್ದರೆ ಮೂಳೆ ಕೂಡುತ್ತದೆ, ನಿಂತರೆ ಕೂಡುವುದಿಲ್ಲ. ಆದ್ದರಿಂದ ಯಾರ ಬೀದಿಯಲ್ಲಿ ನೀರು ನಿಂತರೂ ಊರಿನ ಪ್ರತಿ ಮನೆಯಿಂದ ಒಬ್ಬರು ಬಂದು ದಿನಕ್ಕೆ ಮೂವತ್ತು ಸುತ್ತು ನಡೆಯಬೇಕು. ಸ್ನೇಹಿತರಾಗಲಿ, ಶತ್ರುಗಳಾಗಲಿ, ಇದನ್ನು ಯಾರೂ ತಪ್ಪಿಸುವಂತಿಲ್ಲ. ಹಿಂದೊಮ್ಮೆ ಒಬ್ಬ ಜಾಣ ಮೋಟರು ಹಚ್ಚಿ ಒಂದೇ ಮಧ್ಯಾಹ್ನಕ್ಕೆ ತನ್ನ ಬೀದಿಯ ನೀರನ್ನೆಲ್ಲ ಎತ್ತಿಸಿಬಿಟ್ಟ. ಅವನ ತೋಳು ಇವತ್ತಿಗೂ ಎರಡು ತುಂಡಾಗಿಯೇ ಇದೆ.

ಇನ್ನೊಂದು ವಿಷಯ ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ. ಮುರಿದವರ ಮನೆಯವರು ನಡೆದರೆ ನೀರು ಕದಲುವುದಿಲ್ಲ. ಒಂದು ಹನಿಯೂ ಇಲ್ಲ. ಮೂವತ್ತು ವರ್ಷ ಮಕ್ಕಳನ್ನು ಮೈದಾನ ಸುತ್ತಿಸಿದ ಕಾಲು ನನ್ನದು. ಒಬ್ಬಳೇ ದಿನಕ್ಕೆ ಮುನ್ನೂರು ಸುತ್ತು ಹಾಕಬಲ್ಲೆ. ಆದರೆ ನಾನು ಆ ನೀರಿಗಿಳಿದರೆ ಅದು ಕಲ್ಲಿನ ಹಾಗೆ ನಿಂತಿರುತ್ತದೆ.

ಅಕ್ಕ ಬಿದ್ದದ್ದು ಬೇಸಿಗೆ ರಜೆ ಶುರುವಾದ ಮೂರನೆಯ ದಿನ. ಅಟ್ಟದ ಮೇಲಿನ ಉಪ್ಪಿನಕಾಯಿ ಜಾಡಿ ಬೇಕಾಗಿತ್ತಂತೆ. "ನಾನು ಸ್ನಾನ ಮಾಡಿ ಬಂದು ತೆಗೆದುಕೊಡ್ತೀನಿ, ನೀನು ಸ್ಟೂಲ್ ಹತ್ತಬೇಡ" ಎಂದು ಹೇಳಿಯೇ ಬಚ್ಚಲಿಗೆ ಹೋಗಿದ್ದೆ. ಎರಡು ತಂಬಿಗೆ ನೀರು ಸುರಿದುಕೊಳ್ಳುವಷ್ಟರಲ್ಲಿ ಧಡಾರ್ ಎಂದಿತು. ಜಾಡಿಗೆ ಏನೂ ಆಗಿರಲಿಲ್ಲ, ಅದನ್ನು ಎದೆಗೆ ಅವುಚಿಕೊಂಡೇ ಬಿದ್ದಿದ್ದಳು. ಬಲಗಾಲಿನ ಮೊಣಕಾಲ ಕೆಳಗಿನ ಮೂಳೆ ಮುರಿದಿತ್ತು. ವೈದೇಹಿ ಡಾಕ್ಟರು ಪ್ಲಾಸ್ಟರ್ ಹಾಕಿ, "ಅಂಬುಜಮ್ಮ, ನಿಮಗೇನ್ರೀ ಚಿಂತೆ? ಅರ್ಧ ಊರನ್ನ ಹೆರಿಗೆ ಮಾಡಿಸಿದೀರಿ. ನಡೆಯೋರಿಗೆ ಬರವಾ?" ಎಂದರು. ಮೂವತ್ತೆಂಟು ವರ್ಷಗಳಿಂದ ಅಕ್ಕ ಮನೆ ಮನೆಗೆ ನಡೆದುಹೋಗಿ ಹೆರಿಗೆ ಮಾಡಿಸುತ್ತಿದ್ದಾಳೆ. ಆಸ್ಪತ್ರೆ ಬಂದ ಮೇಲೂ ಹೆಂಗಸರು ಮೊದಲು ಹೇಳಿಕಳಿಸುವುದು ಅವಳಿಗೇ. ಡಾಕ್ಟರ ಮಾತು ನನಗೂ ಸರಿ ಎನಿಸಿತು. ಎಷ್ಟು ದಡ್ಡಿ ನಾನು.

ಮಾರನೆಯ ಬೆಳಗ್ಗೆ ಆರಕ್ಕೇ ಜನ ಬಂದರು. ನನಗೆ ಕಣ್ಣು ತುಂಬಿತು, ಸುಳ್ಳು ಹೇಳುವುದಿಲ್ಲ. ಪಂಚೆ ಎತ್ತಿ ಕಟ್ಟಿ, ಸೀರೆ ಸಿಕ್ಕಿಸಿ ಎಲ್ಲರೂ ನೀರಿಗಿಳಿದರು. ಒಂದು ಸುತ್ತು ಮುಗಿಯಿತು. ನೀರು ಮೊದಲನೆಯ ಅಡ್ಡಗಲ್ಲಿನವರೆಗೂ ಸರಿಯಿತು. ಅಷ್ಟರಲ್ಲಿ ಬೀದಿಗೆ ತೆರೆದ ಕಿಟಕಿಯ ಪಕ್ಕ ಮಂಚದ ಮೇಲೆ ಕಾಲು ಚಾಚಿ ಕೂತಿದ್ದ ಅಕ್ಕ, ಹಿಟ್ಟಿನ ಗಿರಣಿಯ ತಿಪ್ಪೇಶನನ್ನು ಕಂಡಳು.

"ಏ ತಿಪ್ಪೇಶ, ಒಬ್ಬನೇ ಬಂದ್ಯೇನೋ? ನಿನ್ನ ಹೆಂಡ್ತಿ ಸೊಂಟನೋವು ಹೇಗಿದೆ? ಬಾ, ಜಗಲಿ ಮೇಲೆ ಕೂತ್ಕೋ. ಸುಭದ್ರಾ, ತಿಪ್ಪೇಶನಿಗೆ ಕಾಫಿ ಕೊಡೇ!"

ಅಲ್ಲಿಗೆ ಮುಗಿಯಿತು. ಉಳಿದ ಸುತ್ತು ಆಮೇಲೆ ಹಾಕಿದರಾಯಿತು ಎಂದು ತಿಪ್ಪೇಶ ಕೂತ. ಅವನು ಕೂತದ್ದನ್ನು ಕಂಡು ಇನ್ನಿಬ್ಬರು ಕೂತರು. ಎಂಟು ಗಂಟೆಗೆ ನಮ್ಮ ಜಗಲಿಯ ಮೇಲೆ ಹದಿನೆಂಟು ಜನ, ಉಳಿದವರು ಮೆಟ್ಟಿಲ ಸುತ್ತ. ಒಬ್ಬಳು ಅಕ್ಕನ ಕೈಯಲ್ಲಿ ಹುಟ್ಟಿದ ತನ್ನ ಮಗಳ ಮದುವೆ ಸೀರೆಯನ್ನು ತೋರಿಸುತ್ತಿದ್ದಾಳೆ, ಇನ್ನೊಬ್ಬಳು ಮೆಂತ್ಯದ ಹಿಟ್ಟು ತಂದಿದ್ದಾಳೆ, ಮತ್ತೊಬ್ಬ ಮುರಿದ ಕಾಲನ್ನು ನೋಡಿ ಗಳಗಳ ಅಳುತ್ತಿದ್ದಾನೆ. ಬೀದಿಯಲ್ಲಿ ನೀರು ತನ್ನಷ್ಟಕ್ಕೆ ತಾನು ನಿಂತಿದೆ. ಅದರಲ್ಲಿ ಯಾರದೋ ಒಂದು ಎಮ್ಮೆ ನಿಂತಿದೆ. ಎಮ್ಮೆಯೂ ನಡೆಯುತ್ತಿರಲಿಲ್ಲ.

ಮೂರು ದಿನ ತಡೆದುಕೊಂಡೆ. ನಾಲ್ಕನೆಯ ದಿನ ಸ್ಕೂಲಿನ ಸೀಟಿ ತಂದು ಬೀದಿಯ ನಡುವೆ ನಿಂತು ಊದಿದೆ. "ಎಲ್ಲರೂ ಏಳಿ! ಸಾಲಾಗಿ! ಎಡ, ಬಲ, ಎಡ, ಬಲ!" ಅವರಲ್ಲಿ ಮುಕ್ಕಾಲು ಜನ ನನ್ನ ಹಳೆಯ ವಿದ್ಯಾರ್ಥಿಗಳು. ನಕ್ಕು ಚಪ್ಪಾಳೆ ತಟ್ಟಿದರು. "ನಮ್ಮ ಟೀಚರು ಒಂಚೂರೂ ಬದಲಾಗಿಲ್ಲ ನೋಡು" ಎಂದು ಒಬ್ಬರಿಗೊಬ್ಬರು ಹೇಳಿಕೊಂಡರು. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು. ಅದರ ಮಾರನೆಯ ವಾರ ಕಾಫಿ ನಿಲ್ಲಿಸಿದೆ. ಈ ಮನೆಯಲ್ಲಿ ಇನ್ನು ಯಾರಿಗೂ ಒಂದು ಲೋಟ ಕಾಫಿ ಇಲ್ಲ ಎಂದು ಕೂಗಿ ಹೇಳಿದೆ. ಅವರು ಫ್ಲಾಸ್ಕಿನಲ್ಲಿ ತಂದರು, ಅಕ್ಕನಿಗೂ ಸೇರಿಸಿ. ಜಗಲಿಯ ಗೇಟಿಗೆ ಬೀಗ ಹಾಕಿದೆ. ಅಕ್ಕ ದಿಂಬಿನ ಕೆಳಗಿದ್ದ ಇನ್ನೊಂದು ಬೀಗದ ಕೈಯನ್ನು ಕಿಟಕಿಯಿಂದ ಅವರಿಗೆ ಎಸೆದಳು.

ಇಷ್ಟರ ನಡುವೆ ಗಾಯದ ಮೇಲೆ ಬರೆ ಎಳೆದ ಹಾಗೆ ಹಿಂದಿನ ಬೀದಿಯ ಈರಭದ್ರಯ್ಯನ ಸುದ್ದಿ ಬಂತು. ಈ ಈರಭದ್ರಯ್ಯನನ್ನು ಊರಲ್ಲಿ ಮಾತಾಡಿಸುವವರಿಲ್ಲ. ಹೆಂಡತಿ ತೀರಿಕೊಂಡಿದ್ದಾಳೆ, ಮಕ್ಕಳಿಲ್ಲ. ಇರುವುದು ಕೋರ್ಟು ಕೇಸುಗಳು. ಗಿರಣಿಯ ಸದ್ದಿಗೆ ತಿಪ್ಪೇಶನ ಮೇಲೊಂದು, ಸ್ವಾತಂತ್ರ್ಯ ದಿನಾಚರಣೆಯ ಡೋಲಿಗೆ ನನ್ನ ಮೇಲೊಂದು, ಪಕ್ಕದ ಮನೆಯವರು ಗೋಡೆಯನ್ನು ನಾಲ್ಕು ಬೆರಳು ಈಚೆಗೆ ಕಟ್ಟಿದರೆಂದು ಇಪ್ಪತ್ತೆರಡು ವರ್ಷಗಳಿಂದ ಒಂದು. ಆ ಗೋಡೆಯನ್ನು ಅಳೆಯಲು ಏಣಿ ಹತ್ತಿಯೇ ಅವನು ಬಿದ್ದು ಹೆಗಲ ಮೂಳೆ ಮುರಿದುಕೊಂಡಿದ್ದ, ಅಕ್ಕ ಬೀಳುವುದಕ್ಕೆ ಸರಿಯಾಗಿ ಒಂದು ವಾರ ಮೊದಲು. ನಿಯಮ ಬಿಡುವಂತಿಲ್ಲವಲ್ಲ, ಊರಿನವರೆಲ್ಲ ಅವನ ಬೀದಿಗೂ ಹೋದರು. ನಾನೂ ಹೋಗಿದ್ದೆ. ತಲೆ ತಗ್ಗಿಸಿ, ಎಲ್ಲಿ ಅವನು ಹೊರಗೆ ಬಂದು ಮಾತು ತೆಗೆದುಬಿಡುತ್ತಾನೋ ಎಂದು ಬಿರಬಿರನೆ ಮೂವತ್ತು ಸುತ್ತು ಮುಗಿಸಿ ಓಡಿಬರುತ್ತಿದ್ದೆವು. ಹದಿನೆಂಟೇ ದಿನಕ್ಕೆ ಅವನ ಬೀದಿ ಒಣಗಿತು. ಐದನೆಯ ವಾರಕ್ಕೆ ಕೈಯ ಜೋಳಿಗೆ ಬಿಚ್ಚಿದರು. ಇಷ್ಟು ಬೇಗ ಯಾರದೂ ಕೂಡಿದ್ದನ್ನು ನೋಡಿಲ್ಲ ಎಂದು ಡಾಕ್ಟರು ಹೇಳಿದರಂತೆ.

ನಮ್ಮ ಐದನೆಯ ವಾರದ ಕಥೆ ಬೇರೆ. ಎಕ್ಸರೇಯನ್ನು ಬೆಳಕಿಗೆ ಹಿಡಿದು ವೈದೇಹಿ ಡಾಕ್ಟರು ಬಹಳ ಹೊತ್ತು ನೋಡಿದರು. "ಬೀದಿ ಹೇಗಿದೆ?" ಎಂದರು.

"ಜನ ತುಂಬಿ ತುಳುಕ್ತಿದಾರೆ, ಡಾಕ್ಟ್ರೇ."

"ಜನ ಕೇಳ್ಲಿಲ್ಲ ಟೀಚರ್. ನೀರು ಹೇಗಿದೆ?"

ನಾನು ಹೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಮೈಯೊಳಗೂ ಇದೇ ಕಥೆ. ರಕ್ತ ತಳ್ಳೋಕೆ ಹೃದಯ ಇದೆ. ದುಗ್ಧರಸ ಅಂತ ತಿಳಿಯಾಗಿರೋದು ಇನ್ನೊಂದು ಹರೀತದೆ, ಅದಕ್ಕೆ ಹಾಗೆ ತಳ್ಳೋ ಹೃದಯ ಇಲ್ಲ. ಅಕ್ಕಪಕ್ಕದ ಮಾಂಸಖಂಡ ಅಲ್ಲಾಡಿದ್ರೆ ಅದಕ್ಕೆ ಒತ್ತಾಸೆ. ಮುರಿದ ಜಾಗದ ಊತ, ಕೊಳೆ ಎಲ್ಲ ಹೊತ್ಕೊಂಡು ಹೋಗೋದು ಅದು. ಅದರ ಸಣ್ಣ ಸಣ್ಣ ನಾಳಗಳು ಮುರಿದ ಮೂಳೆ ಒಳಕ್ಕೂ ಹೊಸದಾಗಿ ಚಿಗುರ್ಕೊಂಡು ಹೋಗ್ತವೆ. ಹೋಗಿ, ಏಳ್ರಪ್ಪಾ, ಕೆಲಸ ಶುರು ಮಾಡ್ರಿ ಅಂತ ಮೂಳೆ ಕಟ್ಟೋ ಕಣಗಳನ್ನ ಎಬ್ಬಿಸ್ತವೆ. ಎಲ್ಲರೂ ಬಂದು ಕ್ಯಾಲ್ಸಿಯಂ ಮಾತ್ರೆ ಕೇಳ್ತಾರೆ, ಇದನ್ನ ಮಾತ್ರ ಯಾರೂ ಕೇಳಲ್ಲ. ನಿಮ್ಮ ಹೊಸ್ತಿಲ ಕೆಳಗೆ ಕೂದಲೆಳೆ ಹಾಗೆ ನೀರು ದಾರಿ ಮಾಡ್ಕೊಂಡಿದೆಯಾ, ನೋಡಿದೀರಾ?"

"ಇಲ್ಲ."

"ಹಾಗಾದ್ರೆ ಒಳಗೂ ಏನೂ ಶುರುವಾಗಿಲ್ಲ. ಇನ್ನು ನಾಲ್ಕು ವಾರ ನೋಡ್ತೀನಿ. ಆಗಲೂ ಹೀಗೇ ಇದ್ರೆ ದೊಡ್ಡೂರಿಗೆ ಕಳಿಸಿ ಕೊಯ್ದು ಸರಳು ಹಾಕಿಸ್ಬೇಕು. ಅಂಬುಜಮ್ಮನಿಗೆ ಸಕ್ಕರೆ ಕಾಯಿಲೆ ಬೇರೆ. ಮನೆ ಮನೆಗೆ ನಡೆದು ಹೋಗಿ ಹೆರಿಗೆ ಮಾಡಿಸೋದನ್ನ ಮರೀಬೇಕಾಗಬಹುದು."

ಮನೆಗೆ ಬಂದವಳೇ ಅಕ್ಕನ ಮೇಲೆ ಹರಿಹಾಯ್ದೆ. ಅತಿ ಸ್ನೇಹ ಗತಿಗೇಡು ಎಂದೆ. ಕಾಲು ಹೋದ ಮೇಲೆ ಈ ಜನ ನಿನ್ನನ್ನು ಹೊತ್ತು ತಿರುಗುತ್ತಾರಾ ಎಂದೆ. ಬಾಯಿಗೆ ಬಂದದ್ದೆಲ್ಲ ಅಂದೆ. ಅಕ್ಕ ಹೊದಿಕೆಯ ಅಂಚನ್ನು ಸುರುಳಿ ಸುತ್ತುತ್ತಾ, "ಅವರು ನನ್ನ ನೋಡೋಕೆ ಬರ್ತಾರೆ ಕಣೇ. ಹೋಗಿ ನಡೀರಿ ಅಂತ ಹೇಗೆ ಹೇಳ್ಲಿ? ಇಷ್ಟು ವರ್ಷ ನಾನೇ ಎಲ್ಲರ ಮನೆಗೆ ಹೋದವಳು. ಈಗ ಹೋಗೋಕಾಗಲ್ಲ. ಅವರೂ ಬರದೇ ಹೋದ್ರೆ ನಾನು ಯಾರೇ?" ಎಂದಳು. ಅವಳಿಗೆ ಭಯವಾಗಿದೆ ಎಂದು ಆವತ್ತು ನನಗೆ ಮೊದಲ ಸಲ ಗೊತ್ತಾಯಿತು. ಗೊತ್ತಾದದ್ದರಿಂದ ಸಿಟ್ಟು ಇನ್ನಷ್ಟು ಹೆಚ್ಚಾಯಿತು, ಏನು ಮಾಡಲಿ.

ಮಾರನೆಯ ಸಂಜೆ ಅಂಗಡಿಯ ಮುಂದೆ ನಿಂತಿದ್ದಾಗ ಒಂದು ವಿಷಯ ಕಣ್ಣಿಗೆ ಬಿತ್ತು. ಅಂಗಡಿಯ ಬೆಂಚಿನ ಮೇಲೆ ಆರು ಜನ ಹರಟುತ್ತಿದ್ದರು. ಈರಭದ್ರಯ್ಯ ಕಂಕುಳಲ್ಲಿ ಫೈಲು ಇಟ್ಟುಕೊಂಡು ಬಂದು ಬೆಂಚಿನ ತುದಿಗೆ ಕೂತ. ಆರೂ ಜನ ಎದ್ದು, ಯಾರೂ ಯಾರಿಗೂ ಹೇಳದೆ, ರಸ್ತೆಯಲ್ಲಿ ಆ ಕಡೆ ಈ ಕಡೆ ಅಡ್ಡಾಡತೊಡಗಿದರು. ಮನೆಗೂ ಹೋಗಲಿಲ್ಲ, ಬೆಂಚಿಗೂ ಬರಲಿಲ್ಲ. ಅವನು ಎದ್ದು ಹೋಗುವವರೆಗೂ ಹಾಗೇ ಅಡ್ಡಾಡಿದರು. ನಾನು ಕೊಳ್ಳಲು ಬಂದ ಸೋಪನ್ನೂ ಮರೆತು ನೆಟ್ಟಗೆ ಅವನ ಮನೆಗೆ ಹೋದೆ.

ನನ್ನನ್ನು ಬಾಗಿಲಲ್ಲಿ ಕಂಡು, "ಡೋಲಿನ ಕೇಸಾ? ಅದು ಮುಂದಿನ ತಿಂಗಳಿದೆ" ಎಂದ.

"ಕೇಸಲ್ಲ ಈರಭದ್ರಯ್ಯನೋರೆ. ನಾಳೆಯಿಂದ ನಮ್ಮನೆಗೆ ಬರಬೇಕು ನೀವು."

"ನಡೆಯೋಕೆ ಬರ್ತಾನೇ ಇದೀನಲ್ಲ. ದಿನಾ ಮಧ್ಯಾಹ್ನ ಮೂರು ಗಂಟೆಗೆ, ಮೂವತ್ತು ಸುತ್ತು. ಆಗ ನಿಮ್ಮ ಜಗಲಿಯೋರು ಊಟಕ್ಕೆ ಹೋಗಿರ್ತಾರೆ."

ಆ ಹೊತ್ತಿಗೆ ನಾನೂ ಅಕ್ಕನೂ ಮಲಗಿರುತ್ತಿದ್ದೆವು, ಅದು ನನಗೆ ಗೊತ್ತಿರಲಿಲ್ಲ. ನೀರು ಅಷ್ಟಿಷ್ಟಾದರೂ ಸರಿದಿದ್ದರೆ ಇವನೊಬ್ಬನಿಂದಲೇ ಇರಬೇಕು. ಆದರೆ ಆ ಹೊತ್ತಿನಲ್ಲಿ ನನಗೆ ನನ್ನ ಉಪಾಯವೇ ದೊಡ್ಡದಾಗಿತ್ತು. "ನಡೆಯೋಕಲ್ಲ, ಕೂರೋಕೆ. ಜಗಲಿ ಮೇಲೆ. ಬೆಳಗ್ಗೆ ಏಳರಿಂದ ಸಂಜೆ ಆರರ ತನಕ. ಅಕ್ಕನಿಗೆ ನಿಮ್ಮ ಗೋಡೆ ಕೇಸಿನ ವಿಷಯ ಕೇಳ್ಬೇಕಂತೆ" ಎಂದು ಕಣ್ಣು ಮಿಟುಕಿಸದೆ ಸುಳ್ಳು ಹೇಳಿದೆ.

ಅವನು ಬಾಗಿಲನ್ನು ಇನ್ನಷ್ಟು ತೆರೆದ. "ಫೈಲು ತರಬಹುದಾ?"

"ಎಲ್ಲಾ ಫೈಲೂ ತನ್ನಿ."

ಏಳಕ್ಕೆ ಸರಿಯಾಗಿ ಬಂದ. ಒಗೆದ ಶರ್ಟು ಹಾಕಿಕೊಂಡು, ತಲೆಗೆ ಎಣ್ಣೆ ಹಚ್ಚಿ, ನಾಲ್ಕು ಫೈಲು ಮತ್ತು ಒಂದು ಕೊಡೆಯ ಜೊತೆ. ಅಕ್ಕನ ಕಿಟಕಿಯ ಕೆಳಗೆ, ಜಗಲಿಯ ನಟ್ಟನಡುವೆ ಕೂತ. ತಿಪ್ಪೇಶ ಎಂದಿನಂತೆ ಒಂದು ಸುತ್ತು ಮುಗಿಸಿ ಮೆಟ್ಟಿಲ ಮೇಲೆ ಕಾಲಿಟ್ಟವನು, ಬಿಸಿ ಹೆಂಚು ತುಳಿದವನ ಹಾಗೆ ಹಿಂದಕ್ಕೆ ಹಾರಿದ. "ಆಮೇಲೆ ಬರ್ತೀನಿ ಅಕ್ಕ" ಎಂದು ಮತ್ತೆ ನೀರಿಗಿಳಿದ. ಆಮೇಲೆ ಬಂದು ನೋಡಿದ, ಈರಭದ್ರಯ್ಯ ಅಲ್ಲೇ ಇದ್ದ. ಮತ್ತೊಂದು ಸುತ್ತು ಹೋದ. ಒಂಬತ್ತು ಗಂಟೆಗೆ ಬೀದಿಯಲ್ಲಿ ನಲವತ್ತು ಜನ, ಫ್ಲಾಸ್ಕು ಹಿಡಿದುಕೊಂಡು, ಅವನು ಈಗ ಏಳುತ್ತಾನೆ ಆಗ ಏಳುತ್ತಾನೆ ಎಂದು ಮೇಲಿಂದ ಕೆಳಕ್ಕೆ, ಕೆಳಗಿಂದ ಮೇಲಕ್ಕೆ ನಡೆಯುತ್ತಲೇ ಇದ್ದರು. ಅಕ್ಕನನ್ನು ನೋಡದೆ ಹೋಗಲು ಮನಸ್ಸಿಲ್ಲ, ಅವನ ಪಕ್ಕ ಕೂರಲು ಧೈರ್ಯವಿಲ್ಲ. ನೀರು ಗುಳುಗುಳು ಎನ್ನುತ್ತಾ ಒಂದೊಂದೇ ಅಡ್ಡಗಲ್ಲು ದಾಟಿತು. ಸಂಜೆ ತೊಟ್ಟಿಯನ್ನು ನೋಡಿ ಬಂದೆ, ತಳದಲ್ಲಿ ಎರಡು ಬೆರಳು ದಪ್ಪ ಕಪ್ಪು ಕೆಸರು ಕೂತಿತ್ತು. ನನಗೆ ಕುಣಿಯಬೇಕೆನಿಸಿತು.

ಅಕ್ಕನಿಗೆ ಮಾತ್ರ ನನ್ನನ್ನು ಕೊಲ್ಲಬೇಕೆನಿಸಿತ್ತು. "ಬೆಳಗಿಂದ ಆ ಗೋಡೆ, ಆ ಗೋಡೆ, ಆ ಗೋಡೆ! ನಾಲ್ಕು ಬೆರಳೋ ಮೂರೂವರೆ ಬೆರಳೋ ಅಂತ ಎರಡು ಗಂಟೆ ಓದಿದ ಕಣೇ. ಯಾವ ಜನ್ಮದ ಹಗೆ ತೀರಿಸ್ಕೊಳ್ತಿದೀಯಾ?" ಎಂದಳು. ಸಿಟ್ಟಿನಲ್ಲಿ ಪ್ಲಾಸ್ಟರಿನಿಂದ ಹೊರಗಿದ್ದ ಕಾಲ್ಬೆರಳುಗಳನ್ನು ಪಟಪಟ ಮಡಿಸಿ ಬಿಡಿಸುತ್ತಿದ್ದಳು. ದಿನಕ್ಕೆ ನೂರು ಸಲ ಬೆರಳಾಡಿಸಿ ಎಂದು ಡಾಕ್ಟರು ಐದು ವಾರದಿಂದ ಗೋಗರೆದಿದ್ದರು. ಮಾತಿನ ಭರದಲ್ಲಿ ಒಂದು ದಿನವೂ ಆಡಿಸಿದವಳಲ್ಲ. ಈಗ ಕೇಸಿನ ಒಂದೊಂದು ವಾಯಿದೆಗೆ ಹತ್ತು ಸಲ ಆಡಿಸುತ್ತಿದ್ದಳು.

ಹೀಗೆ ಇಪ್ಪತ್ತಮೂರು ದಿನ. ಅವನು ಒಂದು ದಿನವೂ ತಪ್ಪಿಸಲಿಲ್ಲ. ಮಧ್ಯಾಹ್ನ ಮೂರಕ್ಕೆ ಫೈಲುಗಳ ಮೇಲೆ ಕಲ್ಲಿಟ್ಟು, ಇಳಿದು ತನ್ನ ಮೂವತ್ತು ಸುತ್ತು ನಡೆದು ಮತ್ತೆ ಬಂದು ಕೂರುತ್ತಿದ್ದ. ಹತ್ತನೆಯ ದಿನ ನಮ್ಮ ಹೊಸ್ತಿಲ ಕೆಳಗೆ, ಕಲ್ಲಿನ ಸಂದಿನಲ್ಲಿ, ಕೂದಲೆಳೆಯಷ್ಟು ತೆಳುವಾದ ಒಂದು ನೀರಿನ ಗೆರೆ ಕಂಡಿತು. ಮೂರು ದಿನದಲ್ಲಿ ಅಂಥವು ಏಳಾದವು. ನಾನು ನೆಲಕ್ಕೆ ಕೆನ್ನೆಯಿಟ್ಟು ಒಂದೊಂದನ್ನೂ ನೋಡಿದೆ. ಆಮೇಲೆ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟು ಅತ್ತೆ. ಆ ವಾರ ತೆಗೆಸಿದ ಎಕ್ಸರೇಯಲ್ಲಿ ಮುರಿದ ಎರಡು ತುದಿಗಳ ಸುತ್ತ ಹಿಂಜಿದ ಹತ್ತಿಯಂಥದ್ದೇನೋ ಕಟ್ಟಿಕೊಂಡಿತ್ತು. "ಶುರುವಾಗಿದೆ. ಇನ್ನು ಸರಳು ಬೇಡ" ಎಂದರು ಡಾಕ್ಟರು. ಇಪ್ಪತ್ತಮೂರನೆಯ ದಿನ ಸಂಜೆ ಬೀದಿ ಪೂರ್ತಿ ಒಣಗಿತು. ಜನ ಕಿಟಕಿಯಿಂದಲೇ ಅಕ್ಕನಿಗೆ ಕೈಮುಗಿದು, ಜಗಲಿಯ ಕಡೆ ನೋಡದೆ, ನಗುತ್ತಾ ಮನೆಗೆ ಹೋದರು. ಗೋಡೆ ಹಿಡಿದು ಎದ್ದು ನಿಲ್ಲುವ ಮಟ್ಟಿಗೆ ಅಕ್ಕನಿಗೆ ಧೈರ್ಯ ಬಂದಿತ್ತು.

ನಾನು ಹೊರಗೆ ಬಂದಾಗ ಈರಭದ್ರಯ್ಯ ಫೈಲುಗಳಿಗೆ ದಾರ ಕಟ್ಟುತ್ತಿದ್ದ. ಹೆಗಲು ಇನ್ನೂ ಪೂರ್ತಿ ಸಡಿಲವಾಗಿರಲಿಲ್ಲ, ಗಂಟು ಹಾಕಲು ಕಷ್ಟಪಡುತ್ತಿದ್ದ.

"ನಾಳೆಯಿಂದ ಬರೋದು ಬೇಡ ಅಲ್ವಾ ಟೀಚರ್?"

"ನೀರು ಹೋಯ್ತಲ್ಲ" ಎಂದೆ.

"ಹೋಯ್ತು. ಒಳ್ಳೇದಾಯ್ತು." ಗಂಟು ಕೂರಲಿಲ್ಲ. ಬಿಚ್ಚಿ ಮತ್ತೆ ಹಾಕಿದ. "ನನ್ನನ್ನ ಇಲ್ಲಿ ಯಾಕೆ ಕೂರಿಸಿದ್ರಿ ಅಂತ ಮೊದಲನೇ ದಿನ ಒಂಬತ್ತು ಗಂಟೆಗೇ ಗೊತ್ತಾಯ್ತು. ಬೇಜಾರಿಲ್ಲ. ನಲವತ್ತು ಜನರನ್ನ ನಡೆಸ್ತಾ ಇದೀನಿ ಅಂದ್ಕೊಂಡೆ. ನನ್ನ ಬೀದಿ ಒಣಗಿದ ದಿನ ನಾನು ಹೊರಗೆ ಬಂದು ನಿಂತ್ಕೊಂಡಿದ್ದೆ. ಯಾರಿಗಾದ್ರೂ ಒಂದು ಮಾತು, ಉಪಕಾರ ಆಯ್ತಪ್ಪಾ ಅಂತ ಹೇಳೋಣ ಅಂತ. ಎಲ್ಲರೂ ಆಗಲೇ ಹೋಗ್ಬಿಟ್ಟಿದ್ರು."

ಹಾಗೆ ಓಡಿಹೋದವರಲ್ಲಿ ನಾನೂ ಒಬ್ಬಳು. ಅಷ್ಟರಲ್ಲಿ ಒಳಗಿನಿಂದ ಅಕ್ಕನ ದನಿ ಬಂತು.

"ಸುಭದ್ರಾ, ಅವರಿಗೆ ಕಾಫಿ ಕೊಟ್ಯೇನೇ? ಇಷ್ಟು ದಿನ ಬಂದು ಕೂತಿದಾರೆ, ಒಂದು ದಿನಾದ್ರೂ ಒಂದು ಲೋಟ ಕಾಫಿ ಕೊಟ್ಟಿದೀಯಾ?"

ಕೊಟ್ಟಿರಲಿಲ್ಲ. ಕೂತು ಹರಟಿ ಹೋದ ಆ ಹದಿನೆಂಟು ಜನರಿಗೆ ಮೊದಲ ವಾರ ಹಂಡೆಗಟ್ಟಲೆ ಕಾಯಿಸಿ ಕೊಟ್ಟಿದ್ದೆ. ಅಕ್ಕನ ಕಾಲು ಉಳಿಸಿದವನು ಇಪ್ಪತ್ತಮೂರು ದಿನ, ಬೆಳಗಿನಿಂದ ಸಂಜೆಯವರೆಗೆ, ಅಡಿಗೆಮನೆಯಿಂದ ಹತ್ತು ಹೆಜ್ಜೆ ದೂರದಲ್ಲಿ ಬರಿಗಂಟಲಲ್ಲಿ ಕೂತಿದ್ದ. ನಾನು ಕಾಫಿ ನಿಲ್ಲಿಸಿದ್ದೇನಲ್ಲ ಎಂದು ನನ್ನಷ್ಟಕ್ಕೆ ನಾನು ಇದ್ದೆ. ಮೂವತ್ತು ವರ್ಷ ಮಕ್ಕಳಿಗೆ ಶಿಸ್ತು ಕಲಿಸಿದವಳು. ನನ್ನ ಮೇಲೆ ನನಗೆ ಬಂದ ಸಿಟ್ಟಿನ ಮುಂದೆ ಅಕ್ಕನ ಮೇಲಿನ ಸಿಟ್ಟು, ಊರಿನ ಮೇಲಿನ ಸಿಟ್ಟು ಏನೇನೂ ಅಲ್ಲ.

"ಹೋಗಬೇಡಿ, ಕೂತ್ಕೊಳ್ಳಿ" ಎಂದು ಒಳಗೆ ಹೋದೆ. ಗಟ್ಟಿ ಡಿಕಾಕ್ಷನ್ನಿಗೆ ಹಾಲು ಬೆರೆಸಿ ಎರಡು ಲೋಟ ತಂದೆ. ಒಂದನ್ನು ಅವನ ಕೈಗೆ ಕೊಟ್ಟು, ಇನ್ನೊಂದನ್ನು ಹಿಡಿದು ಜಗಲಿಯ ಮೇಲೆ ಅವನ ಪಕ್ಕ ಕೂತೆ. ಅವನು ಒಂದು ಗುಟುಕು ಕುಡಿದ, ಲೋಟ ಕೆಳಗಿಟ್ಟ. ಕಟ್ಟಿದ ಫೈಲುಗಳನ್ನು ನೋಡಿದ. ನನ್ನನ್ನು ನೋಡಿದ.

"ಆ ಗೋಡೆ ವಿಷಯ ನಿಮಗೆ ಪೂರ್ತಿ ಗೊತ್ತಿಲ್ಲ ಅನ್ಸುತ್ತೆ ಟೀಚರ್."

ಒಳಗೆ ಅಕ್ಕ "ಅಯ್ಯೋ ದೇವರೇ" ಎಂದು ನರಳಿ ಕಿಟಕಿ ಮುಚ್ಚಿಕೊಂಡಳು.

"ಇಲ್ಲ. ಮೊದಲಿಂದ ಹೇಳಿ" ಎಂದೆ.